ಮಕ್ಕಳು ಆಡುವ ನಾಟಕ ಯಾರು ಬರೆದದ್ದು?

ಶಾಲಾ ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ನಿಮ್ಮ ಮನೆಯಲ್ಲೂ ಸಡಗರ ಇರುತ್ತದೆ. ಸಂಜೆ ತಡವಾಗಿ ಬಂದ ಮಗಳು "ನಾಟಕದ ಪ್ರಾಕ್ಟೀಸ್ ಇತ್ತು ಅಮ್ಮಿ" ಎನ್ನುತ್ತಾಳೆ. ಯಾವ ಬಟ್ಟೆ ಬೇಕು, ಕತ್ತಲಾದರೆ ಮನೆಗೆ ಬಿಡುವವರು ಯಾರು ಎಂದೆಲ್ಲ ನೀವು ವಿಚಾರಿಸುತ್ತೀರಿ. ಆದರೆ ಆ ನಾಟಕ ಯಾವುದು, ಬರೆದವರು ಯಾರು ಎಂದು ಎಂದಾದರೂ ಕೇಳಿದ್ದೀರಾ?

ಕೇಳಲೇಬೇಕಾದ ಪ್ರಶ್ನೆ ಇದು. ಎಷ್ಟೋ ಕಡೆ ಕೈಯಿಂದ ಕೈಗೆ ಸಾಗಿ ಸವೆದುಹೋದ ಜೆರಾಕ್ಸ್ ಹಾಳೆಗಳೇ ನಾಟಕ. ಅದರಲ್ಲಿ ಬರೆದವರ ಹೆಸರಿರುವುದಿಲ್ಲ. ಕೆಲವೆಡೆ ಟಿ.ವಿ.ಯ ಹಾಸ್ಯವನ್ನೇ ಬರೆದುಕೊಂಡು ಆಡಿಸುವುದೂ ಉಂಟು. ಇಂಥವುಗಳಲ್ಲಿ ನಗಿಸಲು ಒಬ್ಬ 'ಸಾಬಿ' ಬೇಕು. ಅವನು ಲುಂಗಿ ಉಟ್ಟು ಹರಕು ಮುರುಕು ಕನ್ನಡ ಮಾತಾಡಬೇಕು. ಹುಡುಗಿಗೆ ಸಿಗುವುದು ಚಹಾ ತರುವ ಪಾತ್ರ, ಇಲ್ಲವೇ ಅಳುವ ಪಾತ್ರ. ಸಭೆಯೆಲ್ಲ ನಗುವಾಗ ಅಲ್ಲೇ ಕುಳಿತ ನಮ್ಮ ಮಕ್ಕಳು ತಲೆ ತಗ್ಗಿಸುತ್ತಾರೆ.

ಕನ್ನಡದಲ್ಲಿ ಒಳ್ಳೆಯ ಸ್ವತಂತ್ರ ನಾಟಕಗಳಿಗೆ ಬರವಿದೆಯೇ? ಖಂಡಿತ ಇಲ್ಲ. ಹುಡುಕುವವರಿಗೆ ಬರ, ಅಷ್ಟೆ.

ಶ್ರೀರಾಂಪುರದ ಕಡೆಯವರಾದ ನಾವು ಇದಕ್ಕಾಗಿ ದೂರ ಹೋಗಬೇಕಿಲ್ಲ. ನಮ್ಮ ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1997ರಲ್ಲಿ 'ಶಿವಸಂಚಾರ' ಎಂಬ ನಾಟಕ ತಂಡವನ್ನು ಆರಂಭಿಸಿದರು. ವರ್ಷಕ್ಕೆ ಮೂರು ನಾಟಕ ಸಿದ್ಧಪಡಿಸಿ ಊರೂರು ಸುತ್ತುವ ತಂಡ ಇದು. 2008ರಲ್ಲಿ ಅಲ್ಲೇ ರಂಗಶಿಕ್ಷಣ ಕೊಡುವ ಶಾಲೆಯೂ ಶುರುವಾಯಿತು. ಒಂದು ಸಣ್ಣ ಹಳ್ಳಿ ರಾಜ್ಯಕ್ಕೇ ನಾಟಕ ಕಳಿಸುತ್ತಿರುವಾಗ ನಮ್ಮ ಶಾಲೆಗಳು ಹೆಸರಿಲ್ಲದ ಹಾಳೆ ಹಿಡಿದು ಕೂರುವುದೇಕೆ?

ಮಕ್ಕಳಿಗಾಗಿ ವೈದೇಹಿಯವರು ಹಲವು ನಾಟಕ ಬರೆದಿದ್ದಾರೆ. ಕೈಲಾಸಂ ಅವರ 'ಟೊಳ್ಳುಗಟ್ಟಿ'ಯಲ್ಲಿ ಒಬ್ಬ ಮಗ ಪುಸ್ತಕದ ಹುಳು, ಇನ್ನೊಬ್ಬ ಮನೆಯವರ ಕಷ್ಟಕ್ಕೆ ಆಗುವವನು. ಅಂಕಪಟ್ಟಿಯ ಹಿಂದೆ ಓಡುವ ಇಂದಿನ ತಾಯ್ತಂದೆಯರಿಗೂ ಅದು ಹೇಳಿದಂತಿದೆ. ದೊಡ್ಡವರ ತಂಡವಾದರೆ ಗಿರೀಶ್ ಕಾರ್ನಾಡರ 'ತುಘಲಕ್' (1964) ಇದೆ. ಅಲ್ಲಿ ಸುಲ್ತಾನ ನಗಿಸಲು ಬಂದವನಲ್ಲ. ಕನಸು, ತಪ್ಪು, ಸಂಕಟ ಎಲ್ಲವೂ ಇರುವ ಪೂರ್ಣ ಮನುಷ್ಯ ಅವನು. ಬೊಳುವಾರು ಮಹಮದ್ ಕುಂಞಿಯವರು ಮಕ್ಕಳಿಗಾಗಿ ಬರೆದ ಗಾಂಧಿ ಕಥೆ 'ಪಾಪು ಬಾಪು' ಎಂಬ ನಾಟಕವಾಗಿ 2018ರಿಂದ ನಾಡಿನ ಉದ್ದಗಲಕ್ಕೂ ಪ್ರದರ್ಶನ ಕಂಡಿತು. ಹೆಗ್ಗೋಡಿನ ಅಕ್ಷರ ಪ್ರಕಾಶನ, ಧಾರವಾಡದ ಮನೋಹರ ಗ್ರಂಥಮಾಲೆ ಇಂಥ ನಾಟಕಗಳನ್ನು ಪುಸ್ತಕವಾಗಿ ಕೊಟ್ಟಿವೆ. ಗ್ರಂಥಾಲಯದಲ್ಲೂ ವಿಚಾರಿಸಬಹುದು.

ನಾಟಕ ಸಿಕ್ಕಿತು, ಆಡಬಹುದೇ? ಬರೆದವರಿಗೆ ಅದರ ಮೇಲೆ ಹಕ್ಕಿದೆ. ಹಕ್ಕು ಎಂಬ ಮಾತೇ ಅರಬಿಯ 'ಹಕ್'ನಿಂದ ಬಂದದ್ದು. ಇನ್ನೊಬ್ಬರ ಹಕ್ಕನ್ನು ಕೊಟ್ಟುಬಿಡಬೇಕು ಎಂಬುದು ನಮಗೆ ಹೊಸ ಪಾಠವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ನಂತರವೂ 60 ವರ್ಷ ಈ ಹಕ್ಕು ಉಳಿಯುತ್ತದೆ. ಕೈಲಾಸಂ 1946ರಲ್ಲಿ ತೀರಿಕೊಂಡರು. ಆದ್ದರಿಂದ 2007ರಿಂದ ಅವರ ನಾಟಕಗಳನ್ನು ಯಾರು ಬೇಕಾದರೂ ಆಡಬಹುದು. ಕಾರ್ನಾಡರು ನಿಧನರಾದದ್ದು 2019ರಲ್ಲಿ. ಅವರ ನಾಟಕಗಳಿಗೆ ಅನುಮತಿ ಬೇಕು.

ಕಾಯ್ದೆ ಕೆಲವು ರಿಯಾಯಿತಿಗಳನ್ನೂ ಕೊಟ್ಟಿದೆ. ಶಾಲೆಯ ಚಟುವಟಿಕೆಯಾಗಿ ವಿದ್ಯಾರ್ಥಿಗಳು, ಶಿಕ್ಷಕರು ಆಡಿ, ಅವರೂ ಪೋಷಕರೂ ಶಾಲೆಗೆ ಸಂಬಂಧಪಟ್ಟವರೂ ಮಾತ್ರ ನೋಡುವುದಾದರೆ ಅನುಮತಿ ಬೇಕಿಲ್ಲ. ಹವ್ಯಾಸಿ ಸಂಘವೊಂದು ಟಿಕೆಟ್ ಇಲ್ಲದೆ ಆಡಿದರೂ ಅಡ್ಡಿಯಿಲ್ಲ. ಆದರೆ ಟಿಕೆಟ್ ಇಟ್ಟರೆ, ಅಥವಾ ಯಾರದೋ ಕಾದಂಬರಿಯನ್ನು ನಾಟಕ ಮಾಡುವುದಾದರೆ, ಒಪ್ಪಿಗೆ ಕೇಳಲೇಬೇಕು. ರಿಯಾಯಿತಿ ಇದ್ದಾಗಲೂ ಬರೆದವರ ಹೆಸರನ್ನು ಆಮಂತ್ರಣ ಪತ್ರಿಕೆಯಲ್ಲಿ ಹಾಕಿ, ವೇದಿಕೆಯಿಂದ ಹೇಳಿಸಿ. ಅದಕ್ಕೆ ಖರ್ಚಿಲ್ಲ.

ಇದೇನು ಅಷ್ಟು ದೊಡ್ಡ ವಿಷಯವೇ ಎನ್ನಬೇಡಿ. ಸಾರಾ ಅಬೂಬಕ್ಕರ್ ಅವರನ್ನು ನೆನೆಯಿರಿ. ಕಾಸರಗೋಡಿನ ಮುಸ್ಲಿಂ ಮನೆಯಲ್ಲಿ ಹುಟ್ಟಿ, ಕನ್ನಡದಲ್ಲಿ ಬರೆದ ಈ ಲೇಖಕಿಯ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ರಂಗರೂಪವನ್ನೂ ಕಂಡಿದೆ. 2011ರ 'ಬ್ಯಾರಿ' ಚಲನಚಿತ್ರ ತಮ್ಮ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿದೆ ಎಂದು ಅವರು ನ್ಯಾಯಾಲಯಕ್ಕೆ ಹೋದರು. ಮಂಗಳೂರಿನ ನ್ಯಾಯಾಲಯ ಅವರ ವಾದವನ್ನು ಒಪ್ಪಿತು. ಎಪ್ಪತ್ತು ದಾಟಿದ ಹೆಂಗಸೊಬ್ಬಳು ತನ್ನ ಬರಹಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿದಳೆಂದರೆ ಆ ಹಕ್ಕಿನ ಬೆಲೆ ಎಷ್ಟೆಂದು ತಿಳಿಯುತ್ತದೆ.

ಹೆಣ್ಣುಮಕ್ಕಳು ವೇದಿಕೆ ಹತ್ತುವುದು ಬೇಡ ಎನ್ನುವ ಮನೆಗಳೂ ನಮ್ಮಲ್ಲಿವೆ. ಅಲ್ಲಿ ಜಗಳ ಬೇಡ. ನಾಟಕದ ಪ್ರತಿಯನ್ನು ತರಿಸಿ ಹಿರಿಯರ ಕೈಗೆ ಕೊಡಿ, ಅವರೇ ಓದಲಿ. ಏನು ಆಡುತ್ತಾರೆಂದು ತಿಳಿದರೆ ಅರ್ಧ ಅಳುಕು ಕಳೆಯುತ್ತದೆ. ಉಳಿದದ್ದನ್ನು ಮನೆಯವರೆಲ್ಲ ಕೂತು ಮಾತಾಡಿ ತೀರ್ಮಾನಿಸಬಹುದು.

ಈ ಸಲ ಮುಂದಿನ ಪೋಷಕರ ಸಭೆಗೆ ಹೋದಾಗ ಮೇಷ್ಟ್ರನ್ನೋ ಟೀಚರನ್ನೋ ಕೇಳಿ: "ಸಾರ್, ಯಾವ ನಾಟಕ? ಬರೆದವರು ಯಾರು? ಒಮ್ಮೆ ಓದಲು ಕೊಡುತ್ತೀರಾ?" ನಿಮ್ಮಂಥ ನಾಲ್ಕು ಜನ ತಾಯಂದಿರು ಹೀಗೆ ಕೇಳಿದರೆ ಆ ಹಳೆಯ ಜೆರಾಕ್ಸ್ ಹಾಳೆಗಳು ತಾವಾಗಿಯೇ ಮೂಲೆ ಸೇರುತ್ತವೆ.