‘ವಿಪ್ ಅಪ್’ ಎಂದರೇನು? ಕೆರಳುವುದಕ್ಕೂ ಕೆರಳಿಸುವುದಕ್ಕೂ ಇರುವ ವ್ಯತ್ಯಾಸ

ಮಂಗಳೂರು: ಗಲಭೆ, ಪ್ರತಿಭಟನೆಗಳ ಇಂಗ್ಲಿಷ್ ವರದಿಗಳಲ್ಲಿ ‘ವಿಪ್ ಅಪ್’ ಎಂಬ ಪದಪುಂಜ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕನ್ನಡಕ್ಕೆ ತರುವಾಗ ಇದರ ಅರ್ಥ ಜಾರಿದರೆ ಘಟನೆಯ ಹೊಣೆ ಯಾರದೆಂಬುದೇ ಮರೆಯಾಗುವ ಅಪಾಯವಿದೆ.

‘ವಿಪ್’ ಎಂದರೆ ಚಾವಟಿ; ಚಾವಟಿಯಿಂದ ಬಾರಿಸು ಎಂದೂ ಅರ್ಥ. ಅಡುಗೆಮನೆಯಲ್ಲಿ ಮೊಟ್ಟೆ, ಕೆನೆಗಳನ್ನು ನೊರೆಯೇಳುವಂತೆ ಕಲಕುವುದಕ್ಕೂ ಇದೇ ಪದ. ‘ಅಪ್’ ಸೇರಿದಾಗ ಅದು ಜನರಲ್ಲಿ ಉತ್ಸಾಹ, ಆವೇಶ ಅಥವಾ ಸಿಟ್ಟನ್ನು ಬೇಕೆಂದೇ ಎಬ್ಬಿಸು ಎಂಬ ಅರ್ಥ ಪಡೆಯುತ್ತದೆ. ‘ವಿಪ್ ಅಪ್ ಆ್ಯನ್ ಆಮ್ಲೆಟ್’ ಎಂದರೆ ಮಾತ್ರ ಥಟ್ಟನೆ ಆಮ್ಲೆಟ್ ಮಾಡು ಎಂದಷ್ಟೇ.

‘ವಿಪ್ ಅಪ್ ದ ಕ್ರೌಡ್’, ‘ವಿಪ್ ದ ಕ್ರೌಡ್ ಅಪ್’ ಎರಡೂ ಸರಿ. ‘ಪಂಪ್ ಅಪ್’ ಆಟಗಾರರನ್ನು ಹುರಿದುಂಬಿಸುವುದಕ್ಕೆ, ‘ಹೈಪ್ ಅಪ್’ ಸಿನಿಮಾ ಮುಂತಾದವುಗಳಿಗೆ ಅತಿಪ್ರಚಾರ ಕೊಡುವುದಕ್ಕೆ ಹೆಚ್ಚಾಗಿ ಬಳಕೆಯಾಗುತ್ತವೆ. ಭಯ, ದ್ವೇಷಗಳ ಜೊತೆ ಬರುವುದು ಬಹುಪಾಲು ‘ವಿಪ್ ಅಪ್’.

ಕನ್ನಡದಲ್ಲಿ ಇದಕ್ಕೆ ‘ಕೆರಳಿಸು’, ‘ರೊಚ್ಚಿಗೆಬ್ಬಿಸು’, ‘ಪ್ರಚೋದಿಸು’ ಎಂಬ ಪದಗಳಿವೆ. ಒಬ್ಬರ ವಿರುದ್ಧ ಇನ್ನೊಬ್ಬರನ್ನು ಛೂಬಿಡುವುದಾದರೆ ‘ಎತ್ತಿಕಟ್ಟು’. ‘ಜನ ರೊಚ್ಚಿಗೆದ್ದರು’ ಎಂದರೆ ಸಿಟ್ಟು ತಾನಾಗಿಯೇ ಹುಟ್ಟಿದಂತೆ. ‘ರೊಚ್ಚಿಗೆಬ್ಬಿಸಲಾಯಿತು’ ಎಂದರೆ ಅದರ ಹಿಂದೆ ಒಂದು ಕೈ ಇದ್ದಂತೆ.

ಈ ವ್ಯತ್ಯಾಸ ಕಾಟಿಪಳ್ಳದಂಥ ಊರಿಗೆ ಕೇವಲ ವ್ಯಾಕರಣದ ವಿಷಯವಲ್ಲ. ನವಮಂಗಳೂರು ಬಂದರಿಗಾಗಿ ಭೂಮಿ ಬಿಟ್ಟುಕೊಟ್ಟ ಕುಟುಂಬಗಳು ನೆಲೆ ಕಂಡುಕೊಂಡ ಪ್ರದೇಶವಿದು. 2018ರ ಜನವರಿಯಲ್ಲಿ ಇಲ್ಲಿ ನಡೆದ ಯುವಕನ ಕೊಲೆಯ ನಂತರ ಮಂಗಳೂರಿನಲ್ಲಿ ಉದ್ವಿಗ್ನತೆ ಹಬ್ಬಿತ್ತು. 2022ರ ಡಿಸೆಂಬರಿನಲ್ಲಿ ಇಲ್ಲಿ ಮತ್ತೊಂದು ಕೊಲೆಯಾದಾಗ ಸುರತ್ಕಲ್ ಸುತ್ತಮುತ್ತ ನಿಷೇಧಾಜ್ಞೆ ಜಾರಿಯಾಯಿತು. ಇಂಥ ದಿನಗಳಲ್ಲಿ ‘ಉದ್ವಿಗ್ನ ವಾತಾವರಣ ನಿರ್ಮಾಣವಾಯಿತು’ ಎಂಬ ವಾಕ್ಯದಲ್ಲಿ ಕರ್ತೃವೇ ಇರುವುದಿಲ್ಲ.

ಕಾನೂನು ಮಾತ್ರ ಕರ್ತೃವನ್ನೇ ಹುಡುಕುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 192ನೇ ಕಲಂ ಗಲಭೆಗೆ ಪ್ರಚೋದನೆ ನೀಡುವುದನ್ನೂ, 196ನೇ ಕಲಂ ಧರ್ಮ, ಭಾಷೆ ಮುಂತಾದ ಕಾರಣಗಳ ಮೇಲೆ ಗುಂಪುಗಳ ನಡುವೆ ವೈರ ಬೆಳೆಸುವುದನ್ನೂ ಅಪರಾಧವೆನ್ನುತ್ತವೆ. ಎರಡನೆಯದಕ್ಕೆ ಸಾಮಾನ್ಯವಾಗಿ ಮೂರು ವರ್ಷಗಳವರೆಗೆ, ಪೂಜಾಸ್ಥಳದಲ್ಲಿ ಎಸಗಿದ್ದರೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ಹಾಗೆಂದು ಸಾಕ್ಷ್ಯವಿಲ್ಲದೆ ಯಾರ ಮೇಲೂ ‘ಪ್ರಚೋದಿಸಿದರು’ ಎಂದು ಬರೆಯುವಂತಿಲ್ಲ. ಅದು ಆರೋಪವಾಗಿದ್ದರೆ, ಆರೋಪಿಸಿದವರು ಯಾರೆಂಬುದನ್ನು ಹೇಳಬೇಕು. ‘ವಿಪ್ ಅಪ್’ ಕಂಡಾಗ ಓದುಗರು ಕೇಳಬೇಕಾದ ಪ್ರಶ್ನೆ ಇಷ್ಟೇ: ಕೆರಳಿಸಿದವರು ಯಾರು, ಅದಕ್ಕೆ ಆಧಾರವೇನು?