ಗಾಜಿನ ತೊಟ್ಟಿಯೋ, ಅಕ್ರಿಲಿಕ್ ತೊಟ್ಟಿಯೋ?

ಇನ್ನಂಜೆಯಂಥ ಒಂದು ಊರಿನ ಶಾಲೆ. ಏಳನೆಯ ತರಗತಿಯ ಮಕ್ಕಳು ವಿಜ್ಞಾನ ಮೂಲೆಯಲ್ಲಿ ಮೀನು ಸಾಕಲು ನಿರ್ಧರಿಸಿದ್ದಾರೆ ಎಂದುಕೊಳ್ಳಿ. ‘ಗಾಜಿನ ತೊಟ್ಟಿಯೇ ಇರಲಿ’ ಎಂದ ಒಬ್ಬ. ‘ಗಾಜು ಒಡೆಯುತ್ತದೆ, ಅಕ್ರಿಲಿಕ್ ತರೋಣ’ ಎಂದಳು ಇನ್ನೊಬ್ಬಳು. ‘ಯಾವುದಾದರೂ ಸರಿ, ವಾರಕ್ಕೊಮ್ಮೆ ನೀರೆಲ್ಲ ಚೆಲ್ಲಿ, ಸೋಪು ಹಾಕಿ ಫಳಫಳ ತೊಳೆದರಾಯಿತು’ ಎಂದ ಮೂರನೆಯವನು. ಈ ಮೂವರಲ್ಲಿ ಒಬ್ಬರ ಮಾತು ಕೇಳಿದರೆ ಮೀನುಗಳ ಜೀವಕ್ಕೇ ಅಪಾಯ. ಯಾರ ಮಾತು? ಓದುತ್ತಾ ಹೋಗಿ, ಕೊನೆಯಲ್ಲಿ ನೀವೇ ಹೇಳಿ.

ಎರಡು ವಸ್ತುಗಳ ಪರಿಚಯ

ಮರಳು, ಸೋಡಾ ಮತ್ತು ಸುಣ್ಣಕಲ್ಲನ್ನು ಹೆಚ್ಚಿನ ಉಷ್ಣತೆಯಲ್ಲಿ ಕರಗಿಸಿ ಗಾಜನ್ನು ತಯಾರಿಸುತ್ತಾರೆ. ಅಕ್ರಿಲಿಕ್ ಒಂದು ಬಗೆಯ ಪಾರದರ್ಶಕ ಪ್ಲಾಸ್ಟಿಕ್. 1933ರಲ್ಲಿ ಜರ್ಮನಿಯಲ್ಲಿ ಇದಕ್ಕೆ ‘ಪ್ಲೆಕ್ಸಿಗ್ಲಾಸ್’ ಎಂಬ ವ್ಯಾಪಾರದ ಹೆಸರು ಬಂತು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಕಿಟಕಿಗಳಿಗೆ ಇದನ್ನು ಬಳಸಿದರು. ಏಕೆ ಗೊತ್ತೇ? ಅದು ಹಗುರ, ಮತ್ತು ಗಾಜಿನಂತೆ ಸುಲಭವಾಗಿ ಒಡೆಯುವುದಿಲ್ಲ.

ಎಷ್ಟು ಹಗುರ? ಒಂದು ಘನ ಸೆಂಟಿಮೀಟರ್ ಗಾಜು ಸುಮಾರು 2.5 ಗ್ರಾಂ ತೂಗಿದರೆ, ಅಷ್ಟೇ ಅಕ್ರಿಲಿಕ್ ಸುಮಾರು 1.2 ಗ್ರಾಂ ತೂಗುತ್ತದೆ. ಈಗ ಒಂದು ಲೆಕ್ಕ ಮಾಡೋಣ. ತೊಟ್ಟಿಯ ಉದ್ದ 60 ಸೆಂ.ಮೀ., ಅಗಲ 30 ಸೆಂ.ಮೀ., ಎತ್ತರ 40 ಸೆಂ.ಮೀ., ಹಲಗೆಯ ದಪ್ಪ 6 ಮಿ.ಮೀ. ಇರಲಿ. ತಳ ಮತ್ತು ನಾಲ್ಕು ಬದಿಗಳ ಒಟ್ಟು ವಿಸ್ತೀರ್ಣ 9,000 ಚದರ ಸೆಂ.ಮೀ. ಆಗುತ್ತದೆ. ಗಾಜಿನದಾದರೆ ಖಾಲಿ ತೊಟ್ಟಿ ಸುಮಾರು 13.5 ಕಿಲೋಗ್ರಾಂ, ಅಕ್ರಿಲಿಕ್‌ನದಾದರೆ ಸುಮಾರು 6.5 ಕಿಲೋಗ್ರಾಂ ತೂಗುತ್ತದೆ.

ಅದರಲ್ಲಿ 35 ಸೆಂ.ಮೀ. ಎತ್ತರಕ್ಕೆ ನೀರು ತುಂಬಿಸಿದರೆ? ಸುಮಾರು 63 ಲೀಟರ್, ಅಂದರೆ 63 ಕಿಲೋಗ್ರಾಂ! ಆದ್ದರಿಂದ ತೊಟ್ಟಿ ಯಾವುದೇ ಆಗಿರಲಿ, ಅಲುಗಾಡುವ ಬೆಂಚಿನ ಮೇಲೆ ಇಡಬಾರದು. ನೀರು ತುಂಬಿದ ತೊಟ್ಟಿಯನ್ನು ಎತ್ತಲೂಬಾರದು. ಸಮತಟ್ಟಾದ, ಗಟ್ಟಿಯಾದ ಜಾಗವೇ ಬೇಕು. ಗಾಜಿನ ತೊಟ್ಟಿಯ ಅಡಿಗೆ ತೆಳುವಾದ ಥರ್ಮೋಕೋಲ್ ಹಾಳೆ ಹಾಸಿದರೆ ಭಾರ ಒಂದೇ ಕಡೆ ಬೀಳುವುದಿಲ್ಲ.

ಯಾವುದು ಎಲ್ಲಿಗೆ ಸೂಕ್ತ?

ಒಡೆದ ಕಿಟಕಿ ಗಾಜಿನ ಅಂಚನ್ನು ದೂರದಿಂದ ಗಮನಿಸಿದ್ದೀರಾ? ಹಸಿರಾಗಿ ಕಾಣುತ್ತದೆ. ಗಾಜಿನಲ್ಲಿ ಅಲ್ಪ ಪ್ರಮಾಣದ ಕಬ್ಬಿಣದ ಅಂಶ ಇರುವುದೇ ಇದಕ್ಕೆ ಕಾರಣ. ದಪ್ಪ ಹೆಚ್ಚಿದಂತೆ ಹಸಿರು ಛಾಯೆಯೂ ಹೆಚ್ಚುತ್ತದೆ. ಅಕ್ರಿಲಿಕ್ ದಪ್ಪವಾಗಿದ್ದರೂ ತಿಳಿಯಾಗಿಯೇ ಕಾಣುತ್ತದೆ. ಅದನ್ನು ಬಿಸಿ ಮಾಡಿ ಬಗ್ಗಿಸಬಹುದು. ತುಂಡುಗಳನ್ನು ಒಂದೇ ಹಲಗೆಯಂತೆ ಬೆಸೆಯಲೂಬಹುದು. ದೊಡ್ಡ ಮತ್ಸ್ಯಾಲಯಗಳು ಅದನ್ನೇ ಆರಿಸುವುದು ಇದರಿಂದ. ಜಪಾನಿನ ಓಕಿನಾವಾದಲ್ಲಿ 2002ರಲ್ಲಿ ತೆರೆದ ಮತ್ಸ್ಯಾಲಯದಲ್ಲಿ ತಿಮಿಂಗಿಲ ಶಾರ್ಕ್‌ಗಳಿರುವ ತೊಟ್ಟಿಯ ಮುಂಭಾಗ 60 ಸೆಂ.ಮೀ. ದಪ್ಪದ ಅಕ್ರಿಲಿಕ್! ಮುಂಬಯಿಯಲ್ಲಿ 1951ರಲ್ಲಿ ಆರಂಭವಾದ ತಾರಾಪೋರ್‌ವಾಲಾ ಮತ್ಸ್ಯಾಲಯವನ್ನು 2015ರಲ್ಲಿ ನವೀಕರಿಸಿದಾಗ ಅಲ್ಲಿಯೂ ಅಕ್ರಿಲಿಕ್ ಸುರಂಗ ನಿರ್ಮಿಸಿದರು.

ಆದರೆ ಅಕ್ರಿಲಿಕ್‌ಗೆ ಒಂದು ದೊಡ್ಡ ದೋಷವಿದೆ. ಅದು ಮೃದು. ಬೇಗ ಗೀರು ಬೀಳುತ್ತದೆ. ಬೆಲೆಯೂ ಸಾಮಾನ್ಯವಾಗಿ ಹೆಚ್ಚು. ಪಾಚಿಯನ್ನು ಮತ್ತೆ ಮತ್ತೆ ಉಜ್ಜಬೇಕಾದ ಶಾಲೆಯ ಸಣ್ಣ ತೊಟ್ಟಿಗೆ ಗಾಜೇ ಬಾಳಿಕೆ. ಆದರೆ ಚಿಕ್ಕ ಮಕ್ಕಳು ಓಡಾಡುವ ಜಾಗವಾದರೆ, ಒಡೆದು ಚೂರಾಗದ ಅಕ್ರಿಲಿಕ್ ಕ್ಷೇಮ.

ಮಾಡಿ ನೋಡಿ

ಒದ್ದೆ ಬಟ್ಟೆಯ ಮೇಲೆ ಒಂದು ಚಿಟಿಕೆ ಕಡಲತೀರದ ಮರಳು ಹಾಕಿ. ಹಳೆಯ ಪಾರದರ್ಶಕ ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಅದರಿಂದ 20 ಸಲ ಉಜ್ಜಿ. ಬೇಡವಾದ ಗಾಜಿನ ಬಾಟಲಿಯನ್ನೂ ಹಾಗೆಯೇ ಉಜ್ಜಿ. ಎರಡನ್ನೂ ತೊಳೆದು ಬೆಳಕಿಗೆ ಹಿಡಿದು ನೋಡಿ. ಯಾವುದು ಹೆಚ್ಚು ಮಂಕಾಗಿದೆ? ಮರಳಿನಲ್ಲಿರುವ ಕ್ವಾರ್ಟ್ಸ್ ಹರಳುಗಳು ಗಾಜಿಗಿಂತಲೂ ಗಟ್ಟಿ. ಹಾಗಾಗಿ ತೊಟ್ಟಿಯನ್ನು ಒರೆಸುವ ಸ್ಪಂಜಿನಲ್ಲಿ ಒಂದು ಕಣ ಮರಳೂ ಇರಬಾರದು.

ಈಗ ಅದೇ ಮರಳಿಗೆ ಸ್ವಲ್ಪ ವಿನೆಗರ್ ಹಾಕಿ. ಗುಳ್ಳೆಗಳು ಬಂದವೇ? ಅದರಲ್ಲಿ ಚಿಪ್ಪಿನ ಚೂರುಗಳಿವೆ ಎಂದರ್ಥ. ಅವು ನಿಧಾನವಾಗಿ ಕರಗಿ ನೀರಿನ ಗಡಸುತನವನ್ನು ಹೆಚ್ಚಿಸುತ್ತವೆ. ಸಿಹಿನೀರಿನ ತೊಟ್ಟಿಗೆ ಅಂಥ ಮರಳು ಬೇಡ.

ಅತಿಯಾದ ಸ್ವಚ್ಛತೆಯೂ ಅಪಾಯ!

ಮೀನುಗಳು ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತವೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾ ಉಂಟಾಗುತ್ತದೆ. ಇದು ಮೀನಿಗೆ ವಿಷ. ಹಾಗಾದರೆ ಮೀನು ಬದುಕುವುದು ಹೇಗೆ? ತೊಟ್ಟಿಯ ಮರಳು ಮತ್ತು ಫಿಲ್ಟರಿನ ಸ್ಪಂಜಿನಲ್ಲಿ ಕಣ್ಣಿಗೆ ಕಾಣದ ಗೆಳೆಯರಿದ್ದಾರೆ. ಅವೇ ಬ್ಯಾಕ್ಟೀರಿಯಾಗಳು! ಕೆಲವು ಅಮೋನಿಯಾವನ್ನು ನೈಟ್ರೈಟ್ ಆಗಿ, ಇನ್ನು ಕೆಲವು ಅದನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ.

ಹೊಸ ತೊಟ್ಟಿಯಲ್ಲಿ ಇವು ಸಾಕಷ್ಟು ಬೆಳೆಯಲು ಕೆಲವು ವಾರಗಳು ಬೇಕು. ಆದ್ದರಿಂದ ಮೊದಲು ಎರಡು ಮೂರು ಮೀನು ಮಾತ್ರ ಬಿಡಬೇಕು. ನೀರೆಲ್ಲ ಚೆಲ್ಲಿ, ಮರಳು ಮತ್ತು ಸ್ಪಂಜನ್ನು ಸೋಪಿನಿಂದ ತೊಳೆದರೆ ಈ ಗೆಳೆಯರೆಲ್ಲ ನಾಶವಾಗುತ್ತಾರೆ. ಉಳಿದ ಸೋಪು ಕಿವಿರುಗಳಿಗೆ ಹಾನಿ ಮಾಡುತ್ತದೆ. ತೊಟ್ಟಿ ಫಳಫಳ ಹೊಳೆಯುತ್ತದೆ, ಮೀನು ಸಾಯುತ್ತದೆ.

ಸರಿಯಾದ ಕ್ರಮ

* ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಿಸಿ.
* ನಲ್ಲಿ ನೀರಾದರೆ ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಡಿ, ಕ್ಲೋರಿನ್ ಹೊರಟುಹೋಗಲಿ. ಬಾವಿ ನೀರೇ ಆದರೂ ಇತ್ತೀಚೆಗೆ ಬ್ಲೀಚಿಂಗ್ ಪೌಡರ್ ಹಾಕಿದ್ದಾರೆಯೇ ಎಂದು ಕೇಳಿಕೊಳ್ಳಿ.
* ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.
* ಗಾಜಿನ ಮೇಲಿನ ಗಟ್ಟಿ ಪಾಚಿಯನ್ನು ದೊಡ್ಡವರು ಬ್ಲೇಡಿನಿಂದ ಕೆರೆಯಬಹುದು. ಅಕ್ರಿಲಿಕ್‌ಗೆ ಬ್ಲೇಡು, ತೆಂಗಿನ ನಾರು ಬೇಡ, ಮೃದುವಾದ ಹತ್ತಿ ಬಟ್ಟೆ ಸಾಕು. ಸ್ಪಿರಿಟ್, ಥಿನ್ನರ್ ಮತ್ತು ಕಿಟಕಿ ಒರೆಸುವ ದ್ರವಗಳು ತಗುಲಿದರೆ ಅದರಲ್ಲಿ ಸಣ್ಣ ಬಿರುಕುಗಳು ಮೂಡಬಹುದು.
* ನೇರ ಬಿಸಿಲು ಬೀಳುವಲ್ಲಿ ಇಡಬೇಡಿ, ಪಾಚಿ ಹೆಚ್ಚುತ್ತದೆ. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ.
* ಮಳೆಗಾಲದಲ್ಲಿ ಕರೆಂಟು ಹೋಗಿ ಗಾಳಿಯ ಪಂಪು ನಿಂತರೆ, ಆಗಾಗ ಲೋಟದಲ್ಲಿ ನೀರು ತೆಗೆದು ಎತ್ತರದಿಂದ ನಿಧಾನವಾಗಿ ಸುರಿಯಿರಿ. ಗಾಳಿಯಲ್ಲಿರುವ ಆಮ್ಲಜನಕ ನೀರಿಗೆ ಸೇರುತ್ತದೆ.

ತೆಗೆದ ನೀರನ್ನು ಏನು ಮಾಡುವುದು? ನೈಟ್ರೇಟ್ ಎಂದರೆ ಗಿಡಗಳಿಗೆ ಗೊಬ್ಬರ. ಇನ್ನಂಜೆಯ ಪಕ್ಕದ ಶಂಕರಪುರ ಮಲ್ಲಿಗೆಗೆ ಹೆಸರಾದದ್ದು ನಿಮಗೆ ಗೊತ್ತೇ ಇದೆ. ಆ ನೀರನ್ನು ಶಾಲೆಯ ಮಲ್ಲಿಗೆ ಗಿಡದ ಬುಡಕ್ಕೆ ಹಾಕಿ. ಸಾಕಿ ಬೇಸರವಾಯಿತೆಂದು ಹೊರದೇಶದ ಮೀನನ್ನು ಮಾತ್ರ ಹೊಳೆಗೋ ಕೆರೆಗೋ ಬಿಡಬೇಡಿ. ಅದು ಅಲ್ಲಿನ ಮೀನುಗಳ ಆಹಾರವನ್ನೂ ಮರಿಗಳನ್ನೂ ತಿಂದೀತು.

ಈಗ ಹೇಳಿ, ಆ ಮೂವರಲ್ಲಿ ಯಾರ ಮಾತು ಕೇಳಬಾರದು?