ಹಂದಿಯ ಮೈಯಲ್ಲಿ ಹುಟ್ಟುವ ಹೊಸ ಜ್ವರ



ಭಾರತದಲ್ಲಿ 'ಹಂದಿಜ್ವರ'ದ ಮೊದಲ ರೋಗಿ ಪತ್ತೆಯಾದದ್ದು ನಮ್ಮ ಹೈದರಾಬಾದಿನಲ್ಲೇ, 2009ರ ಮೇ 16ರಂದು. ಆತನಿಗೆ ರೋಗ ತಗುಲಿದ್ದು ಇಲ್ಲಿನ ಹಂದಿಯಿಂದಲ್ಲ. ಆತ ಅಮೆರಿಕದಿಂದ ಬಂದ ಪ್ರಯಾಣಿಕ. ಹಾಗಾದರೆ ಈ ಜ್ವರಕ್ಕೆ ಹಂದಿಯ ಹೆಸರು ಏಕೆ ಬಂತು? ಮರಿಕಲ್ ಸುತ್ತಿನಲ್ಲಿ ಹಂದಿ ಸಾಕುವ ಕುಟುಂಬಗಳೂ ಅವರ ನೆರೆಹೊರೆಯವರೂ ಇದನ್ನು ತಿಳಿದಿರುವುದು ಒಳ್ಳೆಯದು.

ಮನುಷ್ಯರಿಗೆ ಬರುವಂತೆ ಹಕ್ಕಿಗಳಿಗೂ ಹಂದಿಗಳಿಗೂ ಫ್ಲೂ ಜ್ವರ ಬರುತ್ತದೆ. ಹಕ್ಕಿಯ ವೈರಾಣು ಮನುಷ್ಯನಿಗೆ ಸುಲಭವಾಗಿ ಅಂಟುವುದಿಲ್ಲ. ಆದರೆ ಹಂದಿಯ ಉಸಿರಾಟದ ನಾಳಕ್ಕೆ ಎರಡೂ ಅಂಟಬಲ್ಲವು. ಈ ವೈರಾಣುವಿನ ವಂಶಧಾತು ಎಂಟು ತುಂಡುಗಳಾಗಿರುತ್ತದೆ. ಒಂದೇ ಹಂದಿಯಲ್ಲಿ ಎರಡು ಬಗೆಯ ವೈರಾಣುಗಳು ಒಟ್ಟಿಗೆ ಸೇರಿದರೆ ತುಂಡುಗಳು ಅದಲುಬದಲಾಗಿ ಹೊಸ ತಳಿ ಹುಟ್ಟಬಹುದು. ಗದ್ವಾಲ ಕಡೆಯ ಹತ್ತಿಬೀಜದ ಹೊಲಗಳಲ್ಲಿ ಒಂದು ತಳಿಯ ಪರಾಗವನ್ನು ಇನ್ನೊಂದರ ಹೂವಿಗೆ ಮುಟ್ಟಿಸುವುದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಆರಿಸುವವನು ರೈತ, ಇಲ್ಲಿ ಆರಿಸುವವರಿಲ್ಲ. ಇಂಥ ಬೆರಕೆಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ಎಲ್ಲೋ ಒಂದು ಮನುಷ್ಯರಲ್ಲಿ ಹರಡಲು ಕಲಿತರೆ, ನಮ್ಮ ದೇಹಕ್ಕೆ ಅದರ ಪರಿಚಯವೇ ಇಲ್ಲದ್ದರಿಂದ ಅಪಾಯ.

2009ರಲ್ಲಿ ಆದದ್ದು ಇದೇ. ಉತ್ತರ ಅಮೆರಿಕದ ಹಂದಿಗಳ ವೈರಾಣುವಿನಲ್ಲಿ ಹಕ್ಕಿ, ಮನುಷ್ಯ, ಹಂದಿ ಮೂರರ ತುಂಡುಗಳೂ ಮೊದಲೇ ಇದ್ದವು. ಅದಕ್ಕೆ ಯುರೋಪ್-ಏಷ್ಯಾದ ಹಂದಿ ವೈರಾಣುವಿನ ತುಂಡುಗಳು ಸೇರಿದವು. ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಸಾಂಕ್ರಾಮಿಕವೆಂದು ಸಾರಿತು. 2015ರಲ್ಲಿ ಅದು ಮತ್ತೆ ಉಲ್ಬಣಿಸಿ ತೆಲಂಗಾಣದಲ್ಲೂ ಪ್ರಾಣಗಳನ್ನು ತೆಗೆದುಕೊಂಡಿತು. ಇಂದು ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಋತುಮಾನದ ಫ್ಲೂ ಆಗಿ ಉಳಿದಿದೆ.

ಭಯದಿಂದ ಅನ್ಯಾಯವೂ ಆಗುತ್ತದೆ. 2009ರಲ್ಲಿ ಈಜಿಪ್ಟ್ ಸರ್ಕಾರ, ಅಲ್ಲಿ ಒಬ್ಬ ರೋಗಿಯೂ ಪತ್ತೆಯಾಗದಿದ್ದಾಗಲೇ, ದೇಶದ ಹಂದಿಗಳನ್ನೆಲ್ಲ ಕೊಲ್ಲಲು ಆಜ್ಞಾಪಿಸಿತು. ಕೈರೋ ನಗರದ ಕಸ ಆಯ್ದು ಹಂದಿ ಸಾಕುತ್ತಿದ್ದ ಬಡ ಕ್ರೈಸ್ತ ಕುಟುಂಬಗಳು ಜೀವನೋಪಾಯ ಕಳೆದುಕೊಂಡವು. ಬೀದಿಗಳಲ್ಲಿ ಕಸ ರಾಶಿಬಿತ್ತು. ರೋಗ ಮಾತ್ರ ತಡೆಯಲಾಗಲಿಲ್ಲ. ಆದ್ದರಿಂದ ನಮ್ಮೂರಲ್ಲಿ ಹಂದಿ ಸಾಕುವವರನ್ನು ದೂರುವುದು ಬೇಡ. ಮನುಷ್ಯರೇ ಹಂದಿಗಳಿಗೆ ಜ್ವರ ಅಂಟಿಸಿದ ಉದಾಹರಣೆಗಳು ಬಹಳ ಇವೆ.

ನಾವು ಪಾಲಿಸಬೇಕಾದವು:

1. ಜ್ವರ, ಕೆಮ್ಮು ಇರುವವರು ಹಂದಿದೊಡ್ಡಿಗೆ ಹೋಗಬಾರದು.

2. ಕೋಳಿ, ಬಾತುಗಳನ್ನು ಹಂದಿಗಳಿಂದ ದೂರವಿಡಿರಿ. ಹೊಸದಾಗಿ ತಂದ ಹಂದಿಯನ್ನು ಕೆಲವು ದಿನ ಬೇರೆ ಕಟ್ಟಿರಿ.

3. ಹಲವು ಹಂದಿಗಳು ಒಮ್ಮೆಲೇ ಕೆಮ್ಮಿ, ಮೂಗು ಸೋರಿ, ಮೇವು ಬಿಟ್ಟರೆ ಪಶುವೈದ್ಯರಿಗೆ ತಿಳಿಸಿರಿ. ಮಕ್ಕಳನ್ನು ಅತ್ತ ಬಿಡಬೇಡಿರಿ.

4. ದೊಡ್ಡಿಯ ಕೆಲಸ ಮುಗಿದೊಡನೆ ಸೋಪು ಹಚ್ಚಿ ಕೈ ತೊಳೆಯಿರಿ.

5. ಚೆನ್ನಾಗಿ ಬೇಯಿಸಿದ ಹಂದಿಮಾಂಸದಿಂದ ಈ ಜ್ವರ ಬರುವುದಿಲ್ಲ.

6. ಜ್ವರದೊಂದಿಗೆ ಏದುಸಿರು ಬಂದರೆ, ಅಥವಾ ರೋಗಿ ಗರ್ಭಿಣಿ, ವೃದ್ಧರು, ಎಳೆಯ ಮಗು ಆಗಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ದೊಡ್ಡಿಯ ಹಂದಿಗಳಿಗೆ ಕಾಯಿಲೆ ಇದ್ದರೆ ಅದನ್ನೂ ವೈದ್ಯರಿಗೆ ಹೇಳಿರಿ. ಫ್ಲೂ ಔಷಧಿ ಮೊದಲ ಎರಡು ದಿನಗಳಲ್ಲಿ ಕೊಟ್ಟರೆ ಹೆಚ್ಚು ಫಲಕಾರಿ.

ಹಂದಿ ಹಲವು ಮನೆಗಳ ಅನ್ನ. ಅದನ್ನು ಶುಚಿಯಾಗಿ ಸಾಕಿದರೆ ಮನೆಗೂ ಊರಿಗೂ ಕ್ಷೇಮ.